ಚುಚ್ಚಿಟ್ಟ ಹಾರ್ಡ್‌ಡಿಸ್ಕ್ ಬ್ಯಾಕಪ್ ಅಲ್ಲ: ನಮ್ಮೂರಿನ ಸಣ್ಣ ವ್ಯವಹಾರಗಳು ಸೈಬರ್ ದಾಳಿಗೆ ತಯಾರಾಗುವುದು ಹೇಗೆ?

ಜನವರಿ ತಿಂಗಳು. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು, ರೋಬಸ್ಟಾ ಶುರುವಾಗುತ್ತಿತ್ತು. ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಯ ಆಫೀಸಿನಿಂದ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಬಂತು. "ಸರ್, ಟ್ಯಾಲಿ ಓಪನ್ ಆಗ್ತಿಲ್ಲ. ಫೈಲ್‌ಗಳ ಹೆಸರೆಲ್ಲಾ ಏನೇನೋ ಆಗಿದೆ." ಟ್ಯಾಲಿ ಅಂದರೆ ಅವರು ಲೆಕ್ಕ ಇಡುವ ತಂತ್ರಾಂಶ. ಲೆಕ್ಕ ಬರೆಯುವ ಹುಡುಗಿಯ ದನಿ ನಡುಗುತ್ತಿತ್ತು. ಹೋಗಿ ನೋಡಿದರೆ ಪ್ರತಿ ಫೋಲ್ಡರಿನಲ್ಲೂ ಒಂದೊಂದು ಚಿಕ್ಕ ನೋಟ್‌ಪ್ಯಾಡ್ ಫೈಲ್. ದುಡ್ಡು ಕೊಟ್ಟರೆ ಬೀಗ ತೆಗೆಯುತ್ತೇವೆ ಅಂತ ಅದರಲ್ಲಿ ಬರೆದಿತ್ತು.

ಯಾವ ಬೆಳೆಗಾರರಿಂದ ಎಷ್ಟು ಮೂಟೆ ಬಂತು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಕಾಫಿ ಬೀಜದ ಪ್ರಮಾಣ) ಎಷ್ಟು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲವೂ ಆ ಕಂಪ್ಯೂಟರಿನೊಳಗೆ. ಬ್ಯಾಕಪ್ ಇದೆಯಲ್ಲ ಅಂತ ಹಾರ್ಡ್‌ಡಿಸ್ಕ್ ತೆರೆದೆ. ಅದರಲ್ಲೂ ಅದೇ ಕಥೆ. ಆ ಡಿಸ್ಕ್ ಮೂರು ವರ್ಷದಿಂದ ಅದೇ ಕಂಪ್ಯೂಟರಿನ ಹಿಂದೆ ಚುಚ್ಚಿಕೊಂಡೇ ಇತ್ತು. ಚುಚ್ಚಿಟ್ಟಿದ್ದು ನಾನೇ.

ಕೊನೆಗೆ ಲೆಕ್ಕ ವಾಪಸ್ ಬಂದದ್ದು ತೂಕದ ಚೀಟಿಗಳಿಂದ. ಗೋಡೌನಿನಲ್ಲಿ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್ ಒಬ್ಬರು ಪ್ರತಿ ಗಾಡಿಯ ಚೀಟಿಯನ್ನೂ ತಂತಿಗೆ ಪೋಣಿಸಿ ಇಟ್ಟಿದ್ದರು. ಅದನ್ನು ಒಂದೊಂದಾಗಿ ಬಿಚ್ಚಿ, ಬೆಳೆಗಾರರಿಗೆ ಫೋನ್ ಮಾಡಿ ಕೇಳಿ, ಮತ್ತೆ ಬರೆಯಲು ಹೆಚ್ಚೂಕಡಿಮೆ ಮೂರು ವಾರ ಹಿಡಿಯಿತು. ಅವತ್ತಿನಿಂದ ನಾನು ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಮೊದಲು ನೋಡುವುದು ಎರಡು: ಬಿಚ್ಚಿಟ್ಟ ಒಂದು ಪ್ರತಿ ಇದೆಯಾ? ಕಂಪ್ಯೂಟರ್ ಇಲ್ಲದೆ ಒಂದು ವಾರ ಕೆಲಸ ನಡೆಸಲು ಇವರಿಗೆ ದಾರಿ ಇದೆಯಾ? ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಮ್ಮನ್ನು ಯಾರು ಹುಡುಕಿ ಬರ್ತಾರೆ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮೂಡಿಗೆರೆಯ ಹೋಂಸ್ಟೇ, ಅರಸೀಕೆರೆಯ ಕೊಬ್ಬರಿ ಮಂಡಿ, ಹಾಸನದ ಲಾರಿ ಆಫೀಸು, ಇವನ್ನೆಲ್ಲ ಹ್ಯಾಕರ್ ಯಾಕೆ ನೋಡುತ್ತಾನೆ? ನಿಜ ಏನೆಂದರೆ ಅವನು ನಿಮ್ಮ ಹೆಸರು ನೋಡಿ ಬರುವುದಿಲ್ಲ. ರಾತ್ರಿ ಬೀದಿಯಲ್ಲಿ ಕಳ್ಳ ಒಂದೊಂದೇ ಬಾಗಿಲು ತಳ್ಳಿ ನೋಡುತ್ತಾನಲ್ಲ, ಆ ಕೆಲಸವನ್ನು ಇಂಟರ್ನೆಟ್‌ನಲ್ಲಿ ತಂತ್ರಾಂಶಗಳು ಹಗಲೂ ರಾತ್ರಿ ಮಾಡುತ್ತಿರುತ್ತವೆ. ಬಾಗಿಲು ತೆರೆದಿದ್ದರೆ ಸಾಕು, ಒಳಗೆ.

2017ರ ಮೇ ತಿಂಗಳಿನ ವಾನಾಕ್ರೈ ದಾಳಿ ಹೀಗೇ ಹರಡಿತು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ತಗುಲಿತು. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ಇಂಗ್ಲೆಂಡಿನ ಕೆಎನ್‌ಪಿ ಎಂಬ ಸಾಗಣೆ ಕಂಪನಿಯದ್ದು ಇನ್ನೂ ನೋವಿನ ವಿಷಯ. 158 ವರ್ಷದ ಹಳೇ ಸಂಸ್ಥೆ, ಸುಮಾರು 500 ಲಾರಿ. 2023ರಲ್ಲಿ ಹ್ಯಾಕರ್‌ಗಳು ಒಬ್ಬ ನೌಕರನ ದುರ್ಬಲ ಪಾಸ್‌ವರ್ಡನ್ನು ಊಹಿಸಿ ಒಳಗೆ ಬಂದರು ಅಂತ ಹೇಳಲಾಗಿದೆ. ಕಂಪನಿ ಮುಚ್ಚಿತು, ಸುಮಾರು 700 ಜನ ಕೆಲಸ ಕಳೆದುಕೊಂಡರು.

ದಾಳಿ ನಿಮ್ಮ ಮೇಲೇ ಆಗಬೇಕು ಅಂತಲೂ ಇಲ್ಲ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ದಾಳಿ ಆಯಿತು. ಸಹಕಾರಿ ಬ್ಯಾಂಕ್‌ಗಳಿಗೂ ಗ್ರಾಮೀಣ ಬ್ಯಾಂಕ್‌ಗಳಿಗೂ ತಂತ್ರಜ್ಞಾನ ಒದಗಿಸುವ ಕಂಪನಿ ಅದು. ರೋಗ ಬೇರೆಡೆಗೆ ಹರಡದಿರಲಿ ಅಂತ, ಯುಪಿಐನಂಥ ಪಾವತಿ ಜಾಲಗಳನ್ನು ನಡೆಸುವ ಎನ್‌ಪಿಸಿಐ ಸಂಸ್ಥೆ ಅದರ ಸಂಪರ್ಕ ಕಡಿಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಗ್ರಾಹಕರಿಗೆ ಪಾವತಿ ಸೇವೆಗಳು ನಿಂತವು. ಮರುದಿನ ಸರಿಹೋಯಿತು. ಆದರೆ ಅಂಥ ದಿನವೇ ನಿಮ್ಮ ತೋಟದ ಬಟವಾಡೆ ಇದ್ದರೆ?

ಮೊದಲ ಹೆಜ್ಜೆ: ಒಂದು ಹಾಳೆಯಲ್ಲಿ ಬರೆಯಿರಿ

ಏನೇನು ಇದೆ ಅಂತ ಗೊತ್ತಿಲ್ಲದೆ ಕಾಯಲು ಆಗುವುದಿಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಕಂಪ್ಯೂಟರ್‌ಗಳು, ಗಾಡಿ ತೂಗುವ ವೇ ಬ್ರಿಡ್ಜ್‌ಗೆ ಜೋಡಿಸಿದ ಹಳೇ ಕಂಪ್ಯೂಟರ್, ವೈಫೈ ರೂಟರ್, ಸಿಸಿಟಿವಿ ಪೆಟ್ಟಿಗೆ, ಆಫೀಸ್ ಮೊಬೈಲ್, ಇಮೇಲ್, ಜಿಎಸ್‌ಟಿ ಲಾಗಿನ್, ನೆಟ್ ಬ್ಯಾಂಕಿಂಗ್, ಹೋಂಸ್ಟೇ ಇದ್ದರೆ ಬುಕಿಂಗ್ ಖಾತೆಗಳು. ಪ್ರತಿಯೊಂದರ ಮುಂದೆ ಅದರ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು ಅಂತ ಬರೆಯಿರಿ. ಪಾಸ್‌ವರ್ಡ್ ಬರೆಯಬೇಡಿ, ಜನರ ಹೆಸರು ಮಾತ್ರ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ಹೆಸರು ಅಲ್ಲಿ ಬಂದೇ ಬರುತ್ತದೆ. ಅವತ್ತೇ ಬದಲಾಯಿಸಿ.

ಎರಡನೇ ಹೆಜ್ಜೆ: ಬಿಚ್ಚಿಡುವ ಪ್ರತಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ದಾಳಿಯನ್ನು ರಾನ್ಸಮ್‌ವೇರ್ ಅನ್ನುತ್ತಾರೆ. ಅದು ಕಂಪ್ಯೂಟರಿಗೆ ಏನೇನು ಜೋಡಿಸಿದೆಯೋ ಅಲ್ಲಿಗೆಲ್ಲ ಕೈ ಹಾಕುತ್ತದೆ. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್, ಪಕ್ಕದ ಕಂಪ್ಯೂಟರಿನ ಹಂಚಿಕೊಂಡ ಫೋಲ್ಡರ್, ಎಲ್ಲಕ್ಕೂ. ಗೂಗಲ್ ಡ್ರೈವ್‌ನಂಥ ಕಡೆ ಫೈಲ್ ತಾನಾಗಿ ಸಿಂಕ್ ಆಗುತ್ತಿದ್ದರೆ ಹಾಳಾದ ಫೈಲೂ ತಾನಾಗಿ ಮೇಲೆ ಹೋಗುತ್ತದೆ. ಹಳೇ ಪ್ರತಿ ಕೆಲವು ದಿನ ಸಿಗಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ.

ನಾನು ಈಗ ಮಾಡುವ ಏರ್ಪಾಡು ಇದು. ಎರಡು ಹಾರ್ಡ್‌ಡಿಸ್ಕ್ ಕೊಳ್ಳಿ. ಒಂದರ ಮೇಲೆ ಕೆಂಪು ಟೇಪ್, ಇನ್ನೊಂದಕ್ಕೆ ಹಸಿರು. ಈ ವಾರ ಕೆಂಪು, ಮುಂದಿನ ವಾರ ಹಸಿರು. ಸಂಜೆ ಚುಚ್ಚಿ, ಟ್ಯಾಲಿಯಲ್ಲಿ ಬ್ಯಾಕಪ್ ತೆಗೆದು ಅದಕ್ಕೆ ಹಾಕಿ. ಬಿಲ್ಲು, ಒಪ್ಪಂದ, ಫೋಟೋಗಳ ಫೋಲ್ಡರನ್ನೂ ಹಾಕಿ. ತಾರೀಖು ಬರೆದು ಬಿಚ್ಚಿ. ಒಂದು ಆಫೀಸಿನ ಬೀರುವಿನಲ್ಲಿರಲಿ, ಇನ್ನೊಂದು ಮನೆಗೆ ಹೋಗಲಿ. ಎರಡನ್ನೂ ಒಂದೇ ಹೊತ್ತಿಗೆ ಚುಚ್ಚಬೇಡಿ. ಕೊಯ್ಲಿನ ಕಾಲದಲ್ಲಿ, ದಿನಕ್ಕೆ ಇಪ್ಪತ್ತು ಗಾಡಿ ಬರುವಾಗ, ವಾರಕ್ಕೊಮ್ಮೆ ಸಾಲದು. ದಿನಾ ತೆಗೆಯಿರಿ. ಎಷ್ಟು ದಿನದ ಲೆಕ್ಕವನ್ನು ಮತ್ತೆ ಬರೆಯಲು ನಿಮಗೆ ತಾಕತ್ತಿದೆ ಅನ್ನುವುದೇ ಇದರ ಅಳತೆ.

ನಮ್ಮ ಮಲೆನಾಡಿಗೆ ಮಾತ್ರ ಬೇಕಾದ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಬರುತ್ತದೆ. ಡಿಸ್ಕನ್ನು ಸುಮ್ನೆ ಮೇಜಿನ ಖಾನೆಯಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲೋ ಚಪ್ಪಲಿ ಪೆಟ್ಟಿಗೆಯಲ್ಲೋ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ ಇಡಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಬ್ಯಾಕಪ್ ತೆಗೆಯಲು ಕೂರಬೇಡಿ.

ಆಮೇಲೆ ಹೆಚ್ಚಿನವರು ಬಿಡುವ ಕೆಲಸ: ವಾಪಸ್ ತೆಗೆದು ನೋಡುವುದು. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಆ ಡಿಸ್ಕ್ ಹಾಕಿ, ಲೆಕ್ಕ ಪೂರ್ತಿ ತೆರೆಯುತ್ತದಾ ನೋಡಿ. ಬರೀ ಫೈಲ್ ಕಾಣುತ್ತಿದೆ ಅಂದರೆ ಸಾಲದು. ಕೊನೆಯ ಬಿಲ್ ನಂಬರ್ ಸರಿ ಇದೆಯಾ, ಒಬ್ಬ ಬೆಳೆಗಾರರ ಖಾತೆ ತಾಳೆ ಆಗುತ್ತದಾ, ಅಷ್ಟು ನೋಡಿ.

ಮೂರನೇ ಹೆಜ್ಜೆ: ಬಾಗಿಲುಗಳು

ಇದರಲ್ಲಿ ಮೊದಲು ಮುಚ್ಚಬೇಕಾದದ್ದು ದೂರದಿಂದ ಕಂಪ್ಯೂಟರ್ ತೆರೆಯುವ ದಾರಿ. ಸಾಹುಕಾರರು ತೋಟದಲ್ಲಿದ್ದು ಪಟ್ಟಣದ ಆಫೀಸಿನ ಲೆಕ್ಕ ನೋಡಬೇಕು ಅಂತ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುತ್ತಾರೆ. ರಾನ್ಸಮ್‌ವೇರ್ ಒಳಗೆ ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ನಾನು ಹೇಳಿದ ಆಫೀಸಿಗೂ ಅವರು ಬಂದದ್ದು ಇಲ್ಲಿಂದಲೇ. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಹೀಗೆ ಕೇಳಿ: "ನಮ್ಮ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ಗೆ ಪೋರ್ಟ್ ತೆರೆದಿದ್ದೀರಾ?" ಹೌದು ಅಂದರೆ ಮುಚ್ಚಿಸಿ. ಬೇಕೇ ಬೇಕು ಅಂದರೆ ವಿಪಿಎನ್ (ಇಂಟರ್ನೆಟ್‌ನೊಳಗೆ ಬೀಗ ಹಾಕಿದ ಖಾಸಗಿ ದಾರಿ) ಮೂಲಕ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥ ಇನ್ನೊಂದು ಗುರುತು ಕೇಳುವುದು) ಇಟ್ಟು ಮಾಡಿಸಿ. ಅಮೆರಿಕದಲ್ಲಿ 2021ರಲ್ಲಿ ಕಲೋನಿಯಲ್ ಪೈಪ್‌ಲೈನ್ ಅನ್ನುವ ದೊಡ್ಡ ಇಂಧನ ಕೊಳವೆಯೇ ಕೆಲವು ದಿನ ನಿಂತುಹೋಯಿತು. ದಾಳಿಕೋರರು ನುಗ್ಗಿದ್ದು ಯಾರೂ ಬಳಸದೆ ಬಿಟ್ಟ ಒಂದು ವಿಪಿಎನ್ ಖಾತೆಯಿಂದ. ಅದರ ಪಾಸ್‌ವರ್ಡ್ ಸೋರಿಹೋಗಿತ್ತು, ಎರಡನೇ ಹಂತದ ಪರಿಶೀಲನೆ ಇರಲಿಲ್ಲ.

ದೂರದಿಂದ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್‌ಗಳು ಸರ್ವಿಸ್‌ಗೆ ಬೇಕಾಗುತ್ತವೆ, ಒಪ್ಪುತ್ತೇನೆ. ಕೆಲಸ ಮುಗಿದ ಮೇಲೆ ಮುಚ್ಚಿಸಿ. ನಾವಾಗಿ ಫೋನ್ ಮಾಡಿ ಕರೆದವರಿಗೆ ಮಾತ್ರ ತೆರೆಯಬೇಕು. ಬ್ಯಾಂಕ್‌ನಿಂದ ಅಂತಲೋ ಕಂಪ್ಯೂಟರ್ ಕಂಪನಿಯಿಂದ ಅಂತಲೋ ತಾವಾಗಿ ಫೋನ್ ಮಾಡಿದವರಿಗೆ ಎಂದೂ ಬೇಡ.

ಎರಡು ಹಂತದ ಪರಿಶೀಲನೆಯನ್ನು ಇಮೇಲ್‌ಗೆ ಇವತ್ತೇ ಹಾಕಿ. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಲಿಂಕ್ ಬರುವುದು ಅದಕ್ಕೇ. ಇಮೇಲ್ ಹೋದರೆ ಮನೆಯ ಬೀಗದ ಕೈ ಗೊಂಚಲೇ ಹೋದ ಹಾಗೆ. ವಾಟ್ಸ್‌ಆ್ಯಪ್‌ಗೂ ಹಾಕಿ.

ಅಪ್‌ಡೇಟ್ ಬಗ್ಗೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಬೇರೆಯಾಗಿ ಹೆಸರು ಹಾಕಿಸದಿದ್ದರೆ ಹೊಸ ತೂತುಗಳು ಮುಚ್ಚುವುದಿಲ್ಲ. ವೇ ಬ್ರಿಡ್ಜ್‌ನ ತಂತ್ರಾಂಶ ಹಳೇ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ ಅನ್ನುವವರು ಬಹಳ ಜನ. ಹಾಗಿದ್ದರೆ ಆ ಕಂಪ್ಯೂಟರಿಗೆ ಇಂಟರ್ನೆಟ್ಟೇ ಬೇಡ. ಕೇಬಲ್ ತೆಗೆಯಿರಿ, ತೂಕದ ಚೀಟಿ ಮುದ್ರಿಸಲು ಇಂಟರ್ನೆಟ್ ಬೇಕಿಲ್ಲ ಅಲ್ವಾ? ಕ್ರ್ಯಾಕ್ ಮಾಡಿದ ತಂತ್ರಾಂಶ ಹಾಕಿಸಬೇಡಿ. ಬೀಗ ಮುರಿದು ಕೊಟ್ಟವರು ಅದರೊಳಗೆ ಇನ್ನೇನು ಇಟ್ಟಿದ್ದಾರೆ ಅಂತ ನಿಮಗೂ ಗೊತ್ತಿಲ್ಲ, ಹಾಕಿಕೊಟ್ಟವರಿಗೂ ಗೊತ್ತಿಲ್ಲ.

ಸಿಸಿಟಿವಿಯನ್ನು ಮರೆಯಬೇಡಿ. 2016ರಲ್ಲಿ ಮಿರಾಯ್ ಎಂಬ ತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಆ ಸೈನ್ಯದಿಂದಲೇ ಅಕ್ಟೋಬರ್‌ನಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ಸಿಗದ ಹಾಗೆ ಮಾಡಿದರು. ಕ್ಯಾಮೆರಾ ಹಾಕಿದವರು ಇಟ್ಟುಹೋದ "ಅಡ್ಮಿನ್, 1234" ನಿಮ್ಮಲ್ಲೂ ಇರಬಹುದು. ಹೋಂಸ್ಟೇ ನಡೆಸುವವರು ಅತಿಥಿಗಳ ವೈಫೈಯನ್ನು ಬೇರೆಯಾಗಿಡಿ. ಹೆಚ್ಚಿನ ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಒಂದು ಆಯ್ಕೆ ಇರುತ್ತದೆ, ಐದು ನಿಮಿಷದ ಕೆಲಸ.

ನಾಲ್ಕನೇ ಹೆಜ್ಜೆ: ದುಡ್ಡು ಹೋಗುವ ದಾರಿ

ಖಾತೆ ಬದಲಾಗಿದೆ ಅನ್ನುವ ಸಂದೇಶ ಬಂದರೆ ಫೋನ್ ಮಾಡಿ ದನಿ ಕೇಳದೆ ದುಡ್ಡು ಹಾಕಬೇಡಿ. ಇದೊಂದು ಕಟ್ಟುನಿಟ್ಟು ಮಾಡಿಕೊಂಡರೆ ಎಷ್ಟೋ ನಷ್ಟ ತಪ್ಪುತ್ತದೆ. ಮೋಸಗಾರರು ಇಮೇಲ್‌ನೊಳಗೆ ಕೂತು ವಾರಗಟ್ಟಲೆ ಓದುತ್ತಾರೆ. ಮಾಲು ಹೋಗಿ ಬಿಲ್ ಬರುವ ಹೊತ್ತಿಗೆ ಸರಿಯಾಗಿ, ಅದೇ ಭಾಷೆಯಲ್ಲಿ, ಅದೇ ಲೆಟರ್‌ಹೆಡ್‌ನಲ್ಲಿ ಬೇರೆ ಖಾತೆ ಸಂಖ್ಯೆ ಕಳಿಸುತ್ತಾರೆ. ಫೋನ್ ಮಾಡುವಾಗ ಆ ಇಮೇಲ್‌ನಲ್ಲಿರುವ ನಂಬರ್‌ಗೆ ಮಾಡಬೇಡಿ. ನಿಮ್ಮ ಹಳೇ ಡೈರಿಯಲ್ಲಿರುವ ನಂಬರ್‌ಗೆ ಮಾಡಿ.

ಕರೆಂಟ್ ಅಕೌಂಟಿನ ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಏರ್ಪಾಡು ಸಿಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ದಿನದ ಮಿತಿಯನ್ನೂ ಇಳಿಸಿಕೊಳ್ಳಿ.

ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತೆಲ್ಲ ಹೆಸರಿಟ್ಟು ಎಪಿಕೆ ಫೈಲ್, ಅಂದರೆ ಒತ್ತಿದರೆ ಮೊಬೈಲ್‌ಗೆ ಆ್ಯಪ್ ಹಾಕುವ ಫೈಲ್, ಕಳಿಸುತ್ತಾರೆ. ಪರಿಚಯದವರ ನಂಬರ್‌ನಿಂದಲೇ ಬರಬಹುದು, ಅವರ ಫೋನ್ ಆಗಲೇ ಹೋಗಿರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಮುಟ್ಟಬೇಡಿ. "ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಕರೆಂಟ್ ಕಟ್" ಅನ್ನುವ ಮೆಸೇಜೂ ಹಾಗೇ. ಅದರಲ್ಲಿರುವ ನಂಬರ್‌ಗೆ ಫೋನ್ ಮಾಡದೆ ಮೆಸ್ಕಾಂ ಅಥವಾ ಸೆಸ್ಕ್ ಆಫೀಸಿನಲ್ಲೇ ವಿಚಾರಿಸಿ.

ಲೆಕ್ಕ ಬರೆಯುವವರನ್ನೂ ಕೌಂಟರ್ ಹುಡುಗರನ್ನೂ ಕೂರಿಸಿಕೊಂಡು ಇದನ್ನೆಲ್ಲ ಹೇಳಿ. ಜೊತೆಗೆ ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಿ: "ತಪ್ಪಾಗಿ ಏನಾದ್ರೂ ಒತ್ತಿದ್ರೆ ತಕ್ಷಣ ಹೇಳಿ, ಬೈಯಲ್ಲ." ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟ ವಿಷಯದಿಂದ ಆಗುವ ನಷ್ಟ ಬಹಳ ದೊಡ್ಡದು. ಕಾಫಿ ವ್ಯಾಪಾರಿಯ ಆಫೀಸಿನ ಆ ಹುಡುಗಿ ಬಾಗಿಲು ತೆಗೆದ ಐದೇ ನಿಮಿಷಕ್ಕೆ ಫೋನ್ ಮಾಡಿದ್ದಳು. ಅದರಿಂದ ಗೋಡೌನಿನ ಎರಡನೇ ಕಂಪ್ಯೂಟರ್ ಉಳಿಯಿತು.

ಐದನೇ ಹೆಜ್ಜೆ: ಕಂಪ್ಯೂಟರ್ ಇಲ್ಲದ ಒಂದು ದಿನ

2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಹ್ಯಾಕರ್‌ಗಳು ವಿದ್ಯುತ್ ಕಂಪನಿಗಳ ಒಳಗೆ ನುಗ್ಗಿ ದೂರದಿಂದಲೇ ಸಬ್‌ಸ್ಟೇಷನ್‌ಗಳನ್ನು ಬಂದ್ ಮಾಡಿದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಶುರುವಾದದ್ದು ತಿಂಗಳುಗಳ ಹಿಂದೆ ನೌಕರರಿಗೆ ಬಂದ ಇಮೇಲ್ ಜೊತೆಗಿದ್ದ ಫೈಲ್‌ನಿಂದ. ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಲೈನ್‌ಮನ್‌ಗಳು ಗಾಡಿ ಹತ್ತಿ ಸಬ್‌ಸ್ಟೇಷನ್‌ಗೇ ಹೋಗಿ ಕೈಯಿಂದ ಸ್ವಿಚ್ ಹಾಕಿದರು. ಕೈಯಲ್ಲಿ ಮಾಡುವ ವಿದ್ಯೆ ಅವರಲ್ಲಿ ಇನ್ನೂ ಉಳಿದಿತ್ತು.

2019ರ ಮಾರ್ಚ್‌ನಲ್ಲಿ ನಾರ್ವೆಯ ನಾರ್ಸ್ಕ್ ಹೈಡ್ರೋ ಎಂಬ ಅಲ್ಯೂಮಿನಿಯಂ ಕಂಪನಿಗೆ ರಾನ್ಸಮ್‌ವೇರ್ ತಗುಲಿದಾಗ ಅವರು ದುಡ್ಡು ಕೊಡಲಿಲ್ಲ. ಬ್ಯಾಕಪ್‌ನಿಂದ ಎದ್ದು ನಿಲ್ಲುವ ತನಕ ಕಾಗದದ ಮೇಲೆ ಕೆಲಸ ನಡೆಸಿದರು. ಹಳೇ ಪದ್ಧತಿ ಗೊತ್ತಿದ್ದ ನಿವೃತ್ತರು ಬಂದು ಸಹಾಯ ಮಾಡಿದರು. ನಮ್ಮ ದೆಹಲಿಯ ಏಮ್ಸ್ ಆಸ್ಪತ್ರೆಯೂ 2022ರ ನವೆಂಬರ್ ದಾಳಿಯ ನಂತರ ಸುಮಾರು ಎರಡು ವಾರ ಹೆಚ್ಚಿನ ಕೆಲಸವನ್ನು ಕೈಬರಹದಲ್ಲೇ ಮಾಡಬೇಕಾಯಿತು.

ನಮಗೆ ಇದು ಹೊಸದಲ್ಲ. ಆಷಾಢದ ಮಳೆಗೆ ಕಳಸ, ಕೊಪ್ಪದ ಕಡೆ ವಾರಗಟ್ಟಲೆ ಕರೆಂಟ್, ನೆಟ್‌ವರ್ಕ್ ಎರಡೂ ಇಲ್ಲದೆ ಅಂಗಡಿ ನಡೆಸಿದ್ದೇವೆ. ಆ ಅಭ್ಯಾಸ ಬಿಡಬಾರದು ಅಷ್ಟೇ. ವರ್ಷಕ್ಕೆ ಒಂದು ದಿನ, ಕೆಲಸ ಕಡಿಮೆ ಇರುವ ತಿಂಗಳಲ್ಲಿ, ಕಂಪ್ಯೂಟರ್ ಹಾಕದೆ ಆಫೀಸ್ ನಡೆಸಿ ನೋಡಿ. ಬಿಲ್ ಪುಸ್ತಕ ಇದೆಯಾ? ತೂಕದ ಚೀಟಿ ಕೈಯಲ್ಲಿ ಬರೆಯಲು ಬರುತ್ತದಾ? ಚೆಕ್‌ರೋಲ್ (ಆಳುಗಳ ಹಾಜರಿ ಮತ್ತು ಕೂಲಿಯ ಪಟ್ಟಿ) ಕಾಗದದಲ್ಲಿದೆಯಾ? ಬೆಳೆಗಾರರ, ಲಾರಿಯವರ, ಬ್ಯಾಂಕ್ ಮ್ಯಾನೇಜರರ ಫೋನ್ ನಂಬರ್ ಮೊಬೈಲ್ ಬಿಟ್ಟು ಬೇರೆಲ್ಲಾದರೂ ಇದೆಯಾ? ಒಂದು ವಾರದ ಬಟವಾಡೆಗೆ ಆಗುವಷ್ಟು ನಗದು, ಅಥವಾ ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ಇದೆಯಾ? ಎಲ್ಲಿ ತಡವರಿಸುತ್ತೀರೋ ಅಲ್ಲಿ ಸರಿ ಮಾಡಿ. ಹಳೇ ರೈಟರ್ ಇದ್ದರೆ ಅವತ್ತು ಅವರನ್ನು ಕರೆಸಿ, ಹೊಸಬರಿಗೆ ಅವರೇ ಹೇಳಿಕೊಡಲಿ.

ಆರನೇ ಹೆಜ್ಜೆ: ದಾಳಿಯಾದ ಮೊದಲ ಗಂಟೆ

ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ವೈಫೈ ರೂಟರ್ ಆರಿಸಿ. ಬ್ಯಾಕಪ್ ಡಿಸ್ಕನ್ನು ಮಾತ್ರ ಆ ಕಂಪ್ಯೂಟರ್ ಹತ್ತಿರಕ್ಕೂ ತರಬೇಡಿ. ಸಂಪರ್ಕ ಕಡಿಯಲು ಆದರೆ ಕಂಪ್ಯೂಟರ್ ಆರಿಸಬೇಡಿ, ಅದರ ಮೆಮೊರಿಯಲ್ಲಿ ತನಿಖೆಗೆ ಬೇಕಾದ ಸುಳಿವು ಇರುತ್ತದೆ. ಕಡಿಯಲು ಆಗದಿದ್ದರೆ ಮಾತ್ರ ಆರಿಸಿ. ಪರದೆಯ ಮೇಲಿನ ಬೆದರಿಕೆಯ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ. ನಮ್ಮೂರಲ್ಲಿ ತುಂಬಾ ಜನ ಮಾಡುವ ತಪ್ಪು ಇದು.

ದುಡ್ಡು ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಫೋನ್ ಮಾಡಿ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ಎಷ್ಟು ಬೇಗ ಹೇಳಿದರೆ ಅಷ್ಟು ದುಡ್ಡು ನಡುವೆ ತಡೆಯಲು ಸಾಧ್ಯ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗೌವ್ ಡಾಟ್ ಇನ್ ಜಾಲತಾಣದಲ್ಲಿ ದೂರು ದಾಖಲಿಸಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸಿಇಎನ್ ಪೊಲೀಸ್ ಠಾಣೆ ಇದೆ. ಸೈಬರ್ ಅಪರಾಧ ನೋಡಿಕೊಳ್ಳುವುದು ಅದೇ ಠಾಣೆ.

ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೂ ತಿಳಿಸಬೇಕು. 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ಅದಕ್ಕೆ ವರದಿ ಮಾಡಬೇಕು. ಅದರ ಉಚಿತ ದೂರವಾಣಿ 1800 11 4949.

ದುಡ್ಡು ಕೊಟ್ಟುಬಿಡೋಣ್ವಾ ಅಂತ ಸಾಹುಕಾರರು ನನ್ನನ್ನು ಕೇಳಿದ್ದರು. ಬೇಡ ಅಂದೆ, ಈಗಲೂ ಅದನ್ನೇ ಹೇಳುತ್ತೇನೆ. ಕೊಟ್ಟ ಮೇಲೂ ಫೈಲ್ ಪೂರ್ತಿ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಕೊಡುವವರು ಅಂತ ಗೊತ್ತಾದರೆ ಮತ್ತೆ ಬರುತ್ತಾರೆ. ಅದರ ಬದಲು ಬೀಗ ಬಿದ್ದ ಫೈಲ್‌ಗಳನ್ನು ಹಾಗೇ ಒಂದು ಡಿಸ್ಕ್‌ಗೆ ಹಾಕಿಡಿ. ಯೂರೋಪಿನ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ ನೋ ಮೋರ್ ರಾನ್ಸಮ್ ಎಂಬ ಜಾಲತಾಣದಲ್ಲಿ ಹಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ. ಇವತ್ತು ಸಿಗದ ಕೀಲಿ ಒಂದೆರಡು ವರ್ಷದ ನಂತರ ಸಿಗಬಹುದು.

ಇನ್ನು ಒಂದೇ ಕೆಲಸ ಬಾಕಿ. ಬಿಳಿ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಕೇಬಲ್ ಕಿತ್ತುಹಾಕಿ, ಫಾರ್ಮ್ಯಾಟ್ ಮಾಡಬೇಡಿ, 1930, ಸರ್ಟ್-ಇನ್ ನಂಬರ್, ಬ್ಯಾಂಕಿನ ನಂಬರ್, ಸಿಇಎನ್ ಠಾಣೆಯ ನಂಬರ್, ಕಂಪ್ಯೂಟರ್ ನೋಡಿಕೊಳ್ಳುವವರ ನಂಬರ್. ಮಳೆಗಾಲದ ತೇವಕ್ಕೆ ಹಾಳಾಗದ ಹಾಗೆ ಲ್ಯಾಮಿನೇಶನ್ ಮಾಡಿಸಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿ. ಆ ವ್ಯಾಪಾರಿಯ ಆಫೀಸಿನಲ್ಲಿ ಅಂಥ ಹಾಳೆ ಈಗ ಇದೆ. ಅದರ ಕೆಳಗಿನ ಬೀರುವಿನಲ್ಲಿ ಹಸಿರು ಟೇಪಿನ ಡಿಸ್ಕ್ ಇದೆ. ಕೆಂಪು ಟೇಪಿನದ್ದು ಮನೆಗೆ ಹೋಗಿದೆ.